ಅಂಟುಹನಿಯ ಗಿಡಕ್ಕೆ ಮೂರು ಬಿತ್ತನೆ

ದೀಪಾವಳಿಯ ಹೊತ್ತಿಗೆ ನಮ್ಮ ಮನೆ ಹಿಂದಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಜಂಬಿಟ್ಟಿಗೆ ಬಂಡೆಯ ಮೇಲೆ, ಕೆಂಪು ಬಿಲ್ಲೆಗಳನ್ನು ಅಂಟಿಸಿದ ಹಾಗೆ ಕಾಣುತ್ತದೆ. ಒಂದೊಂದೂ ರೂಪಾಯಿ ನಾಣ್ಯದಷ್ಟು. ಬಗ್ಗಿ ನೋಡಿದರೆ ಎಲೆಯ ಅಂಚಿಗೆ ಕೂದಲು, ಕೂದಲ ತುದಿಗೆ ಇಬ್ಬನಿಯಂಥ ಹನಿ. ನಡುಮಧ್ಯಾಹ್ನವಾದರೂ ಆರದ ಇಬ್ಬನಿ. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ವರ್ಷ ವರ್ಷವೂ ಬೋರ್ಡಿನ ಮೇಲೆ ಈ ಕೀಟ ಹಿಡಿಯುವ ಗಿಡದ, ಡ್ರೊಸೆರಾದ, ಚಿತ್ರ ಬರೆದವಳು ನಾನು. ಅದು ಗಂಡನ ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿದೆ ಎಂದು ಗೊತ್ತಾಗಿದ್ದು ಕೆಲಸ ಬಿಟ್ಟು ತೋಟಕ್ಕೆ ಬಂದ ಮೇಲೆ. ಮಕ್ಕಳಿಗೆ ಒಂದು ದಿನವೂ ನಿಜವಾದದ್ದನ್ನು ತೋರಿಸಲಿಲ್ಲವಲ್ಲ ಎಂಬ ಚುರುಕು ಇನ್ನೂ ಇದೆ.

ನಮ್ಮೂರು ಹೊಸನಗರ ತಾಲೂಕಿನಲ್ಲಿ, ನಗರದ ಕಡೆಗೆ. ಹುಲಿಕಲ್ ಘಾಟಿ ದೂರವಿಲ್ಲ. ಮಳೆ ಎಷ್ಟು ಎಂದು ಬೇರೆ ಹೇಳಬೇಕಾಗಿಲ್ಲ. ಕೀಟ ಹಿಡಿಯುವ ಗಿಡಗಳಿಗೆ ಬೇಕಾದದ್ದು ಏನು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಮಳೆನೀರು, ತೇವ, ಸಾರವಿಲ್ಲದ ಮಣ್ಣು. ಮೂರೂ ನಮ್ಮಲ್ಲಿ ಧಾರಾಳ. ಹಾಗಾಗಿ ಬೀಜ ಎರಚಿದರೆ ಸಾಕು ಎಂದುಕೊಂಡೆ. ಎರಡು ಸಲ ಎರಚಿದ್ದು ದಂಡವಾಯಿತು. ಮೂರನೆಯದು ಹೇಗೆ ಹಿಡಿಯಿತು ಎಂಬುದನ್ನು, ಟಿಪ್ಪಣಿ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೀಜ

2023ರ ಡಿಸೆಂಬರಿನಲ್ಲಿ ಬ್ಯಾಣದಿಂದ ಎರಡು ಜಾತಿಯ ಬೀಜ ತಂದೆ. ಒಂದು ಮೇಲೆ ಹೇಳಿದ ಕೆಂಪು ಬಿಲ್ಲೆ, ಡ್ರೊಸೆರಾ ಬರ್ಮಾನಿ. ಬಿಳಿ ಹೂವು, ಗೇಣುದ್ದಕ್ಕಿಂತ ಕಡಿಮೆಯ ದಂಟು. ಇನ್ನೊಂದು ನೆಟ್ಟಗೆ ನಿಲ್ಲುವ, ದಾರದಂಥ ಎಲೆಯ, ಗುಲಾಬಿ ಹೂವಿನ ಡ್ರೊಸೆರಾ ಇಂಡಿಕಾ. ಇದಕ್ಕೆ ಹೆಸರಿಟ್ಟವನು ಲಿನೇಯಸ್, 1753ರಲ್ಲಿ. ಮೂರನೆಯದೊಂದು, ಡ್ರೊಸೆರಾ ಪೆಲ್ಟಾಟಾ, ಇನ್ನೂ ಎತ್ತರದ ಹುಲ್ಲುಗುಡ್ಡಗಳದು, ನಮ್ಮ ಬ್ಯಾಣದಲ್ಲಿಲ್ಲ. ಗಿಡ ಕೀಳಲಿಲ್ಲ. ಒಣಗಿ ಬಾಯಿ ಬಿಟ್ಟ ಕಾಯಿಯನ್ನು ಕಾಗದದ ಮೇಲೆ ಬಗ್ಗಿಸಿ ತಟ್ಟಿದೆ, ಅಷ್ಟೆ. ಎರಡು ದಂಟು ತಟ್ಟಿದ್ದಕ್ಕೆ ಮೂರು ವರ್ಷಕ್ಕೆ ಸಾಲುವಷ್ಟು ಬೀಜ ಬಿತ್ತು. ರಾಗಿಯನ್ನು ಹತ್ತು ಹೋಳು ಮಾಡಿದರೆ ಒಂದು ಹೋಳು ಎಷ್ಟೋ ಅಷ್ಟು, ಕಪ್ಪಗೆ.

ಹೋಗುವ ಮೊದಲು ಅತ್ತೆ ಕಾಲಿಗೆ ಎಣ್ಣೆ ಹಚ್ಚಿಸಿಯೇ ಬಿಟ್ಟರು. ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತದಿರಲಿ ಎಂದು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ. ಸೊರಬದ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದಾಗಿನಿಂದ ನಮ್ಮ ಕಡೆ ಚಳಿಗಾಲ, ಬೇಸಿಗೆಯಲ್ಲಿ ಸುಮ್ಮಸುಮ್ಮನೆ ಬೆಟ್ಟ ಹತ್ತುವವರಿಲ್ಲ. ಬೀಜ ಬಲಿಯುವುದೂ ಉಣುಗು ಏಳುವುದೂ ಒಂದೇ ಕಾಲ. ಇದನ್ನು ಓದಿ ಯಾರಾದರೂ ಹೊರಟರೆ ಎಣ್ಣೆ, ಉದ್ದ ಕಾಲಿನ ಪ್ಯಾಂಟು ಎರಡೂ ಇರಲಿ. ಬೀಜ ತೆಗೆಯುವ ಜಾಗ ಸ್ವಂತದ್ದೂ ಆಗಿರಲಿ.

ಮನೆಯ ಬೀಜದ ಜೊತೆಗೆ ಬೆಂಗಳೂರಿನ ಒಬ್ಬ ಹವ್ಯಾಸಿಯಿಂದ ದಕ್ಷಿಣ ಆಫ್ರಿಕಾದ ಕೇಪ್ ಮೂಲದ ಡ್ರೊಸೆರಾ ಕೆಪೆನ್ಸಿಸ್ ಬೀಜ ತರಿಸಿದೆ. ವೀನಸ್ ಎಂದರೆ ಬಾಯಿಯಂತೆ ಎಲೆ ಮುಚ್ಚಿ ಹುಳ ಹಿಡಿಯುವ ಗಿಡ; ಇನ್ನೊಂದು ಕಡೆ 'ನೀಲಿ ವೀನಸ್ ಗಿಡ'ದ ಬೀಜ ಎಂದು ಕಂಡದ್ದಕ್ಕೂ ದುಡ್ಡು ಹಾಕಿದೆ. ಅದರ ಕಥೆ ಆಮೇಲೆ. ಎಲ್ಲವನ್ನೂ ಬೆಣ್ಣೆ ಕಾಗದದಲ್ಲಿ ಮಡಚಿ, ಡಬ್ಬಿಗೆ ಹಾಕಿ ಫ್ರಿಜ್ಜಿನ ಬಾಗಿಲಿನಲ್ಲಿಟ್ಟೆ.

ಮಣ್ಣು

ಈ ಗಿಡಗಳ ಬೇರು ಊಟಕ್ಕೆ ಇರುವುದಲ್ಲ, ಹೆಚ್ಚುಕಡಿಮೆ ನೀರಿಗೆ ಮಾತ್ರ. ಗೊಬ್ಬರದ ಮಣ್ಣಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಬೇರು ಸುಡುತ್ತದೆ. ಎಲ್ಲರೂ ಹೇಳುವ ಮಿಶ್ರಣ ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿ) ಒಂದು ಪಾಲು, ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಕಲ್ಲಿನ ಹರಳು) ಒಂದು ಪಾಲು. ಪೀಟ್ ದುಬಾರಿ, ದೂರದೇಶದ್ದು. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಅಗ್ಗ. ಆದರೆ ಅದರಲ್ಲಿ ಉಪ್ಪು ತುಂಬಿರುತ್ತದೆ. ನೆನೆಸಿಟ್ಟ ಬಕೆಟ್ಟಿನ ನೀರಿಗೆ, ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ: 870 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 870 ಪಾಲು. ಈ ಗಿಡಗಳಿಗೆ 50ರೊಳಗೆ ಇರಬೇಕು. ಹಿಂಡಿ, ಚೆಲ್ಲಿ, ಮತ್ತೆ ಮಳೆನೀರು ಹಾಕಿ, ಒಂಬತ್ತನೇ ಸಲಕ್ಕೆ 40ಕ್ಕೆ ಇಳಿಯಿತು. ಆ ಕೆಲಸ ಮಳೆಗಾಲದಲ್ಲಿ ಮಾತ್ರ ಸಾಧ್ಯ, ಬೇಸಿಗೆಯಲ್ಲಿ ಅಷ್ಟು ನೀರು ಚೆಲ್ಲಿದರೆ ಮನೆಯಲ್ಲಿ ಜಗಳವಾಗುತ್ತದೆ. ಕೊಳ್ಳುವಾಗ ಒಂದು ಎಚ್ಚರ: 'ಬಫರ್ ಮಾಡಿದ' ಕೋಕೋಪೀಟ್ ಎಂದಿದ್ದರೆ ಬಿಡಿ. ಅದನ್ನು ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸಿರುತ್ತಾರೆ. ಟೊಮೆಟೊಗೆ ಒಳ್ಳೆಯದು, ಇವಕ್ಕೆ ವಿಷ.

ಮರಳು ಹೊಳೆಯದು. ಒಂದು ಹಿಡಿಗೆ ನಿಂಬೆರಸ ಹಿಂಡಿ ನೋಡಿದೆ. ನೊರೆ ಬಂದರೆ ಸುಣ್ಣದ ಅಂಶ ಇದೆ ಎಂದು ಅರ್ಥ, ಬರಲಿಲ್ಲ. ಕಟ್ಟಡದ ಕೆಲಸಕ್ಕೆ ತಂದು ರಾಶಿ ಹಾಕಿದ ಮರಳು ಬೇಡ, ಸಿಮೆಂಟು ಬೆರೆತಿರುತ್ತದೆ. ಭತ್ತದ ಉಮಿ ಸುಟ್ಟ ಕರಿ ಹಾಕಬಹುದಲ್ಲ ಎಂದು ಭಾವನವರು ಹೇಳಿದರು. ಬೂದಿ ಕ್ಷಾರ, ಅದೂ ಬೇಡ.

ಕುಂಡಕ್ಕೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕೆಳಗರ್ಧ, ಕಾಯಿಸಿದ ಮೊಳೆಯಿಂದ ಆರು ತೂತು. ಮಣ್ಣಿನ ಕುಂಡದ ಗೋಡೆಯಲ್ಲಿ ಉಪ್ಪು ಸೇರಿಕೊಳ್ಳುತ್ತದೆ ಎಂದು ಪ್ಲಾಸ್ಟಿಕ್ಕೇ ಆಯ್ಕೆ ಮಾಡಿಕೊಂಡೆ. ಬಾಟಲಿಗಳನ್ನು ಟ್ರೇಯಲ್ಲಿ ನಿಲ್ಲಿಸಿ ಟ್ರೇಗೆ ಒಂದು ಬೆರಳು ನೀರು. ಮೇಲಿನಿಂದ ಹನಿಸುವುದೇ ಇಲ್ಲ, ಕೆಳಗಿನಿಂದಲೇ ಹೀರಿಕೊಳ್ಳಬೇಕು.

ಮೊದಲ ಬಿತ್ತನೆ: 2024ರ ಜೂನ್ 24, ಆರಿದ್ರಾ ಮಳೆ

ಮಲೆನಾಡಿನಲ್ಲಿ ಹುಟ್ಟಿದವರಿಗೆ ಬಿತ್ತುವುದು ಎಂದರೆ ಮಳೆ ಹಿಡಿದ ಮೇಲೆ. ಬೇರೆ ಯೋಚನೆಯೇ ಬರಲಿಲ್ಲ. ಬಿಳಿ ಕಾಗದದ ಮೇಲೆ ಬೀಜ ಹರವಿ, ಭೂತಗನ್ನಡಿ ಹಿಡಿದು, ಒದ್ದೆ ಮಾಡಿದ ಹಲ್ಲುಕಡ್ಡಿಯಿಂದ ಒಂದೊಂದೇ ಎತ್ತಿ 50 ಎಣಿಸಿದೆ. ಕುಂಡಕ್ಕೆ 50ರಂತೆ ಬರ್ಮಾನಿ ಎರಡು ಕುಂಡ, ಇಂಡಿಕಾ ಒಂದು, ಕೆಪೆನ್ಸಿಸ್ ಒಂದು. ಮಣ್ಣು ಮುಚ್ಚಲಿಲ್ಲ. ಇಷ್ಟು ಸಣ್ಣ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಮುಚ್ಚಿದರೆ ಮುಗಿಯಿತು.

ಅತ್ತೆ ಜಗುಲಿಯಲ್ಲಿ ಕೂತು ನೋಡುತ್ತಿದ್ದರು.

"ಎಂತದೇ ಅದು, ನಶ್ಯ ಎಣಿಸ್ತಾ ಇದೀಯಾ?"

"ಹುಳ ಹಿಡಿಯೋ ಗಿಡದ ಬೀಜ ಅತ್ತೆ."

"ಮನೇಲಿ ಹುಳ ಹಿಡಿಯೋಕೆ ಹಲ್ಲಿ ಸಾಲ್ದೇ ಹೋಯ್ತಾ ನಿಂಗೆ!"

ಕುಂಡಗಳನ್ನು ಹಿಂಬದಿ ಕಟ್ಟೆಯ ಮೇಲೆ, ಸೂರಿನ ಒಳಗೇ ಇಟ್ಟಿದ್ದೆ. ಪುನರ್ವಸು ಮಳೆಯ ಮೂರನೆಯ ದಿನ ಗಾಳಿ ತಿರುಗಿತು. ಸೂರಿನ ನೀರು ಕಟ್ಟೆಯ ಅಂಚಿಗೆ ಬಡಿದು ಹಾರಿದ ಎರಚಲಿಗೆ ಎರಡು ಕುಂಡದ ಮೇಲ್ಮಣ್ಣೇ ಕೊಚ್ಚಿಹೋಯಿತು. ಇಂಡಿಕಾ ಕುಂಡ ಉಳಿಯಿತು. ಒಂದು ಬರ್ಮಾನಿ ಉಳಿಯಿತು. ಅವನ್ನು ಒಳಗೆ ತಂದು, ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ 9 ವಾಟಿನ ಎರಡು ಬಿಳಿ ಎಲ್‌ಇಡಿ ಬಲ್ಬು ಹಾಕಿ ಅದರ ಕೆಳಗಿಟ್ಟೆ.

ಜುಲೈ 15ಕ್ಕೆ ಬರ್ಮಾನಿಯಲ್ಲಿ ಹಸಿರು ಚುಕ್ಕೆ ಕಂಡೆ. ಎಣಿಸಿದರೆ 14. ಸಂಭ್ರಮಕ್ಕೆ ಎಲ್ಲರನ್ನೂ ಕರೆದು ತೋರಿಸಿದೆ. ಭೂತಗನ್ನಡಿ ಇಲ್ಲದೆ ಯಾರಿಗೂ ಏನೂ ಕಾಣಲಿಲ್ಲ. ಅದೇ ವಾರ ಹುಬ್ಬೇರುವಷ್ಟು ಮಳೆ, ಮರ ಬಿದ್ದು ಲೈನು ಹರಿದು ನಾಲ್ಕು ದಿನ ಕರೆಂಟಿಲ್ಲ. ಕತ್ತಲೆ, ತೇವ, ಅಲುಗದ ಗಾಳಿ. ಕರೆಂಟು ಬಂದ ದಿನ ನೋಡಿದರೆ ಮಣ್ಣಿನ ಮೇಲೆ ಬೂದು ಬಣ್ಣದ ಬೂಸ್ಟು, ಅದರಡಿ ಸಸಿಗಳ ಕುತ್ತಿಗೆ ಕರಗಿತ್ತು. ಉಳಿದ ಮೂರನ್ನು ಹಾವಸೆ ನುಂಗಿತು. ಸಸಿ ಒಂದು ಮಿಲಿಮೀಟರು. ಅದು ಎರಡು ಮಿಲಿಮೀಟರಾಗುವಷ್ಟರಲ್ಲಿ ಹಾವಸೆ ಐದು ಮಿಲಿಮೀಟರು. ನಮ್ಮ ಕಡೆ ಪಾಗಾರದಿಂದ ಹಿಡಿದು ಮೂಲೆಯಲ್ಲಿಟ್ಟ ಚಪ್ಪಲಿಯವರೆಗೆ ಎಲ್ಲದರ ಮೇಲೂ ಹಸಿರು ಹತ್ತುವ ಕಾಲ ಅದು. ಕುಂಡವನ್ನು ಬಿಡುತ್ತದೆಯೇ?

ಇಂಡಿಕಾ ಒಂದೂ ಮೊಳೆಯಲಿಲ್ಲ. ಆ ಕುಂಡವನ್ನು ಸಿಟ್ಟಿನಲ್ಲಿ ಅಡಿಕೆ ಅಟ್ಟದ ಕೆಳಗೆ ತಳ್ಳಿ ಮರೆತೆ. ಹೀಗೆ ಮರೆತದ್ದು ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ, ಆದರೆ ಅದು ಗೊತ್ತಾಗಿದ್ದು ಹತ್ತು ತಿಂಗಳ ಮೇಲೆ.

ನೀರಿನ ಲೆಕ್ಕ

ಎರಡನೇ ಸಲ ಶುರುಮಾಡುವ ಮೊದಲು ಮನೆಯ ಎಲ್ಲ ನೀರಿಗೂ ಮೀಟರ್ ಅದ್ದಿದೆ. ಗುಡ್ಡದ ಅಬ್ಬಿ ನೀರು, ಪೈಪಿನ ಬಾಯಲ್ಲಿ: 27. ಅದೇ ನೀರು ನಮ್ಮ ಸಿಮೆಂಟ್ ತೊಟ್ಟಿಯಲ್ಲಿ ಒಂದು ದಿನ ನಿಂತ ಮೇಲೆ: 108. ಬಾವಿ: 84. ಅಂಗಳದಲ್ಲಿ ನೇರ ಹಿಡಿದ ಮಳೆ: 6.

ಎರಡನೆಯ ಅಂಕಿ ನೋಡಿ ಮೂರು ಸಲ ಮೀಟರ್ ತೊಳೆದು ಅದ್ದಿದೆ. ತೊಟ್ಟಿ ಹಿಂದಿನ ವರ್ಷ ಕಟ್ಟಿಸಿದ್ದು. ಹೊಸ ಸಿಮೆಂಟು ಸುಣ್ಣ ಬಿಡುತ್ತಲೇ ಇರುತ್ತದೆ. ಮೊದಲ ಬಿತ್ತನೆಗೆ ನಾನು ಹಾಕಿದ್ದು ಆ ತೊಟ್ಟಿಯ ನೀರನ್ನೇ. 'ಅಬ್ಬಿ ನೀರಲ್ವಾ, ಶುದ್ಧ' ಎಂಬ ಧೈರ್ಯದಲ್ಲಿ.

ಸರಿ, ಹಳೆಯ ಕ್ರಮಕ್ಕೆ ಹೋದೆ. ಅಂಗಳದಲ್ಲಿ ನಾಲ್ಕು ಗೂಟಕ್ಕೆ ಬಿಳಿ ಪಂಚೆಯ ನಾಲ್ಕು ಮೂಲೆ ಕಟ್ಟಿ, ನಡುವೆ ಒಂದು ಹೊಳೆಗಲ್ಲು ಇಟ್ಟು, ಕೆಳಗೆ ಕೊಡ. ಅಜ್ಜಿ ಕಾಲದಲ್ಲಿ ಕುಡಿಯುವ ನೀರು ಹೀಗೇ ಹಿಡಿಯುತ್ತಿದ್ದರಂತೆ. ಜೋರು ಮಳೆಗೆ ಕೊಡ ತುಂಬಲು ಅರ್ಧ ಗಂಟೆ ಸಾಕು.

ಎರಡನೇ ಬಿತ್ತನೆ: ಆಗಸ್ಟ್ 8, ಆಶ್ಲೇಷಾ

ಈ ಸಲ ಬರ್ಮಾನಿ ಎರಡು ಕುಂಡ, ಪೀಟ್ ಮತ್ತು ಮರಳು. ಕೆಪೆನ್ಸಿಸ್ ಒಂದು. ಎರಚಲು ಹೊಡೆಯದ ಹಾಗೆ ಮಾಡು ಕಟ್ಟಿದೆ. ಅಡಿಕೆ ಒಣಗಿಸುವ ಪಾಲಿಹೌಸಿನಲ್ಲಿ ಉಳಿದಿದ್ದ ದಪ್ಪ ಪ್ಲಾಸ್ಟಿಕ್ ಹಾಳೆ, ಅಡಿಕೆ ದಬ್ಬೆಯ ಚೌಕಟ್ಟು, ಮುಂದೆ ಮೂರಡಿ ಎತ್ತರ, ಹಿಂದೆ ಎರಡೂವರೆ. ನಾಲ್ಕೂ ಬದಿ ತೆರೆದೇ ಬಿಟ್ಟೆ, ಗಾಳಿ ಆಡಬೇಕಲ್ಲ. ಕಾಲುಗಳನ್ನು ನೀರು ತುಂಬಿದ ತೆಂಗಿನ ಕರಟದಲ್ಲಿ ನಿಲ್ಲಿಸಿದೆ. ಇರುವೆಗೂ ಚಿಪ್ಪಿಲ್ಲದ ಬಸವನಹುಳಕ್ಕೂ ಅಷ್ಟು ತಡೆ. ಅರ್ಧ ದಿನದ ಕೆಲಸ, ಸುತ್ತಿಗೆ ಹಿಡಿದವನು ಮಗ.

ಹದಿನೇಳನೇ ದಿನಕ್ಕೆ ಬರ್ಮಾನಿ 22 ಮತ್ತು 19. ಬೆಳಕು ಸಾಲದೆ ಬಡಕಲಾಗಿದ್ದವು, ಆದರೂ ಇದ್ದವು. ಎರಡು ಎಳೆ ಬೀಜದೆಲೆಗಳ ನಡುವೆ ಮೊದಲ ನಿಜವಾದ ಎಲೆ, ಅದಕ್ಕೆ ಆಗಲೇ ನಾಲ್ಕೈದು ಕೆಂಪು ಕೂದಲು.

ಆ ಹೊತ್ತಿಗೆ ಮಳೆ ಎರಡು ದಿನ ಬಿಡುವು ಕೊಟ್ಟಿತು. ತೋಟದವರಿಗೆ ಬಿಡುವು ಎಂದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ. ಕೊನೆಗಾರರು ಮರ ಹತ್ತಿ ಬೋರ್ಡೋ ಹೊಡೆದರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಮ್ಮ ಅಂಗಳದ ಅಂಚಿಗೇ ತೋಟ. ಪಂಚೆಯನ್ನು ಬಿಚ್ಚಿಡಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಮರುದಿನದ ಮಳೆಗೆ ತುಂಬಿದ ಕೊಡವನ್ನು ಹಾಗೇ ಟ್ರೇಗೆ ಸುರಿದೆ. ನಾಲ್ಕನೇ ದಿನ ಹಾವಸೆ ಕಂದು ತಿರುಗಿತು. ಅಬ್ಬಾ, ಹಾವಸೆ ಸತ್ತಿತು ಎಂದು ಒಳಗೊಳಗೇ ಖುಷಿ. ಆರನೇ ದಿನ ಸಸಿಗಳ ಹನಿ ಆರಿತು, ಹತ್ತನೇ ದಿನಕ್ಕೆ ಎಲ್ಲವೂ ಕಪ್ಪು. ಆಗ ಪಂಚೆ ನೋಡಿದೆ. ಒಂದು ಬದಿ ತಿಳಿ ನೀಲಿ. ತಾಮ್ರ ಬೂಸ್ಟು, ಹಾವಸೆ, ಸಸಿ ಎಂದು ಭೇದ ಮಾಡುವುದಿಲ್ಲ. ಹಾವಸೆಗೆ ಮೈಲುತುತ್ತ ಹಾಕಿದರೆ ಹೇಗೆ ಎಂದು ಯಾರಾದರೂ ಕೇಳಿದರೆ ಈಗ ಉತ್ತರ ಸಿದ್ಧ.

ಅಡಿಕೆ ಸೀಮೆಯಲ್ಲಿ ಮಾಡಿನ ನೀರಾಗಲಿ ಪಂಚೆಯ ನೀರಾಗಲಿ ಹಿಡಿಯುವವರು ಔಷಧಿ ಹೊಡೆದ ಮೇಲಿನ ಎರಡು ದೊಡ್ಡ ಮಳೆ ಬಿಟ್ಟೇ ಹಿಡಿಯಬೇಕು. ನಾನು ಈಗ ಬಟ್ಟೆ ಬಿಚ್ಚಿ ಒಳಗಿಡುತ್ತೇನೆ.

ವಿಜಯದಶಮಿಯ ಮಾರನೇ ದಿನ

ಸೆಪ್ಟೆಂಬರ್ ಪೂರ್ತಿ ಆ ಕಡೆ ತಲೆ ಹಾಕಲಿಲ್ಲ. ಅಕ್ಟೋಬರ್ 13ರ ಬೆಳಿಗ್ಗೆ ಸೊಪ್ಪಿಗೆ ಹೋದವಳು ಬ್ಯಾಣದ ಬಂಡೆಯ ಹತ್ತಿರ ಸುಮ್ಮನೆ ಕುಕ್ಕರಗಾಲಲ್ಲಿ ಕೂತೆ. ದೊಡ್ಡ ಬಿಲ್ಲೆಗಳು ಇನ್ನೂ ಇರಲಿಲ್ಲ. ಕಡಲೆಬೇಳೆ ಗಾತ್ರದ ಸಸಿಗಳಿದ್ದವು, ನೂರಾರು. ಅಂದರೆ ಇವು ಮೊಳೆತದ್ದು ಆರಿದ್ರಾದಲ್ಲಿ ಅಲ್ಲವೇ ಅಲ್ಲ! ಮಳೆ ಇಳಿಯುತ್ತಿರುವ ಈ ತಿಂಗಳಲ್ಲಿ.

ಎಲ್ಲಿ ಮೊಳೆತಿವೆ ಎಂದು ನೋಡುತ್ತಾ ಹೋದೆ. ಹುಲ್ಲು ದಟ್ಟವಿದ್ದಲ್ಲಿ ಒಂದೂ ಇಲ್ಲ. ನೀರು ನಿಂತ ಗುಳಿಗಳಲ್ಲಿ ಇಲ್ಲ. ಹಾವಸೆ ಮೆತ್ತೆಯಂತೆ ಬೆಳೆದಲ್ಲಿ ಇಲ್ಲ. ಬಂಡೆಯ ಮೇಲೆ ಅರ್ಧ ಅಂಗುಲ ಜಂಬಿಟ್ಟಿಗೆ ಮರಳು ಕೂತು, ಅದರ ಮೇಲೆ ಒರತೆಯ ನೀರು ಗಾಜಿನ ಹಾಳೆಯ ಹಾಗೆ ಸಣ್ಣಗೆ ಜಾರುತ್ತಿರುವಲ್ಲಿ, ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಬಿಸಿಲು ಹೊಡೆಯುವಲ್ಲಿ ಮಾತ್ರ. ಪಾದ ಒದ್ದೆ, ನೆತ್ತಿ ಬಿಸಿಲು, ಮೈಗೆ ಗಾಳಿ. ಮಳೆಗಾಲದಲ್ಲಿ ನಾನು ಕೊಟ್ಟಿದ್ದು ಮೊದಲನೆಯದನ್ನು ಮಾತ್ರ. ಕೀಟ ಹಿಡಿಯುವ ಗಿಡ ಎಂದರೆ ತೇವದ ಗಿಡ ಎಂದು ತಿಳಿದಿದ್ದೆ. ಅದು ಬಿಸಿಲಿನ ಗಿಡ, ಕಾಲು ಮಾತ್ರ ನೀರಿನಲ್ಲಿ.

ಒಂದು ಬೊಗಸೆ ಜಂಬಿಟ್ಟಿಗೆ ಮರಳು ಸೆರಗಿಗೆ ಕಟ್ಟಿಕೊಂಡು ಬಂದೆ.

ಮೂರನೇ ಬಿತ್ತನೆ: ಅಕ್ಟೋಬರ್ 17, ಭೂಮಿ ಹುಣ್ಣಿಮೆ

ಬೆಳಗಿನ ಜಾವ ಗದ್ದೆಗೆ ಹೋಗಿ ಭೂಮಿತಾಯಿಗೆ ಬಯಕೆಯೂಟ ಬಡಿಸಿ ಬಂದು, ಮಧ್ಯಾಹ್ನ ಬಿತ್ತಿದೆ. ಬರ್ಮಾನಿ ಎರಡು ಕುಂಡ. ಒಂದರಲ್ಲಿ ಪೀಟ್ ಮತ್ತು ಪರ್ಲೈಟ್. ಇನ್ನೊಂದರಲ್ಲಿ ತೊಳೆದ ಕೋಕೋಪೀಟ್, ಮೇಲೆ ಒಂದು ಅಂಗುಲ ಜಂಬಿಟ್ಟಿಗೆ ಮರಳು. ಕೆಪೆನ್ಸಿಸ್ ಪೀಟಿನಲ್ಲಿ. ಹಾವಸೆಯ ಬೀಜಾಣು ಸಾಯಲಿ ಎಂದು ಬಿತ್ತುವ ಮೊದಲು ಎಲ್ಲ ಮಣ್ಣಿಗೂ ಕುದಿಯುವ ಮಳೆನೀರು ಎರೆದು ಆರಿಸಿದ್ದೆ. ಮಾಡನ್ನು ಹಿತ್ತಿಲಿನಿಂದ ಎತ್ತಿ ಅಂಗಳದ ದಕ್ಷಿಣ ಮೂಲೆಗೆ ತಂದಿಟ್ಟೆ. ಎಳೆ ಮೊಳಕೆ ಸುಡದಿರಲಿ ಎಂದು ಮೊದಲ ನಾಲ್ಕು ವಾರ ಹಾಳೆಯ ಮೇಲೆ ಹಳೇ ಬಿಳಿ ಸೀರೆ.

ಅಕ್ಟೋಬರ್ 30, ನೀರು ತುಂಬುವ ಹಬ್ಬದ ದಿನ, ಮೊದಲ ಚುಕ್ಕೆಗಳು. ನವೆಂಬರ್ 10ಕ್ಕೆ ಎಣಿಕೆ: ಪೀಟಿನಲ್ಲಿ 50ಕ್ಕೆ 38, ಜಂಬಿಟ್ಟಿಗೆಯಲ್ಲಿ 50ಕ್ಕೆ 31. ಕೆಪೆನ್ಸಿಸ್ 26. ನವೆಂಬರ್ ಮಧ್ಯದಲ್ಲಿ ಸೀರೆ ತೆಗೆದೆ. ಒಂದು ವಾರದಲ್ಲಿ ಹಸಿರಿದ್ದ ಬರ್ಮಾನಿ ಕೆಂಪಾಯಿತು. ಪೀಟಿನಲ್ಲಿ ಮೊಳೆತದ್ದು ಹೆಚ್ಚು, ಆದರೆ ಡಿಸೆಂಬರಿಗೆ ಅಲ್ಲಿ ಹಾವಸೆ ಹತ್ತಿತು. ಜಂಬಿಟ್ಟಿಗೆಯ ಮೇಲೆ ಹತ್ತಲಿಲ್ಲ. ಹೀಗೆ ಫೆಬ್ರವರಿಗೆ ಉಳಿದದ್ದು ಪೀಟಿನಲ್ಲಿ 23, ಜಂಬಿಟ್ಟಿಗೆಯಲ್ಲಿ 28. ಬಿಟ್ಟಿ ಸಿಗುವ ಮಣ್ಣೇ ಗೆದ್ದಿತು.

ಸಸಿಗೆ ಊಟ ಹಾಕಿದರೆ ಬೇಗ ಬೆಳೆಯುತ್ತವೆ. ಎಲ್ಲರೂ ಮೀನಿಗೆ ಹಾಕುವ ಆಹಾರವನ್ನು ಪುಡಿ ಮಾಡಿ ಉದುರಿಸುತ್ತಾರೆ. ಡಬ್ಬಿ ತರಿಸಿದೆ. ಅದರ ವಾಸನೆಗೆ ಅತ್ತೆ ಅದನ್ನು ಜಗುಲಿ ಹತ್ತಿಸಲಿಲ್ಲ. ಹಾಗಾದರೆ ಹಾಲಿನ ಪುಡಿ ಎಂದೆ. 1875ರಲ್ಲಿ ಡಾರ್ವಿನ್ ಈ ಕುಲದ ಯುರೋಪಿನ ಗಿಡಕ್ಕೆ ಮಾಂಸ, ಮೊಟ್ಟೆಯ ಬಿಳಿ, ಹಾಲಿನ ಹನಿ ಎಲ್ಲ ಹಾಕಿ ಎಲೆ ಬಾಗುತ್ತದೆಯೇ ಎಂದು ನೋಡಿದ್ದನ್ನು ಬರೆದಿದ್ದಾನೆ. ಹಾಲಿಗೆ ಬಾಗುತ್ತಿತ್ತು, ನೀರಿನ ಹನಿ ಬಿದ್ದರೆ ಬಾಗುತ್ತಿರಲಿಲ್ಲ. ನಮ್ಮ ಮಳೆಗೆ ಇವು ದಿನವಿಡೀ ಮುದುರಿಕೊಳ್ಳದೆ ಇರುವುದು ಅದಕ್ಕೇ, ಅಂಟು ಮಾತ್ರ ತೊಳೆದುಹೋಗುತ್ತದೆ. ಹಲ್ಲುಕಡ್ಡಿಯ ತುದಿಗೆ ಹತ್ತುವಷ್ಟು ಹಾಲಿನ ಪುಡಿ, ಹದಿನೈದು ದಿನಕ್ಕೊಮ್ಮೆ, ಒಂದು ಸಸಿಗೆ ಒಂದು ಎಲೆಗೆ. ಹೆಚ್ಚು ಹಾಕಿದ ಎರಡು ಎಲೆ ಬೂಸ್ಟು ಹಿಡಿದು ಹೋದವು. ಉಳಿದವು ದಪ್ಪಗಾದವು.

"ಸಸ್ಯಾಹಾರಿ ಆಯ್ತಲ್ಲ ಬಿಡು," ಎಂದರು ಅತ್ತೆ.

ಜನವರಿಯಿಂದ ಹಾಲಿನ ಅಗತ್ಯ ಬೀಳಲಿಲ್ಲ. ದೀಪದ ಹುಳ, ನುಸಿ, ಸಣ್ಣ ಇರುವೆ. ಬರ್ಮಾನಿಯ ಅಂಚಿನ ಉದ್ದ ಕೂದಲುಗಳಿಗೆ ಬೇರೆಯದೇ ಚುರುಕು. ಇರುವೆ ಕಾಲಿಟ್ಟರೆ ಸೆಕೆಂಡುಗಳಲ್ಲಿ ಒಳಗೆ ಮಡಚಿ ಅದನ್ನು ನಡುವಿನ ಅಂಟಿಗೆ ಎಸೆಯುತ್ತವೆ. ಕೆಪೆನ್ಸಿಸ್ ಅದೇ ಕೆಲಸವನ್ನು ಅರ್ಧ ಗಂಟೆ ಎಳೆಯುತ್ತದೆ. ಪಕ್ಕದ ಮನೆಯ ಮಕ್ಕಳು ಶಾಲೆ ಬಿಟ್ಟ ಮೇಲೆ ಇರುವೆ ಹಿಡಿದು ತರತೊಡಗಿದ್ದರಿಂದ ಮನೆಯಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು: ದಿನಕ್ಕೆ ಒಂದೇ ಇರುವೆ.

ಫೆಬ್ರವರಿ 6ಕ್ಕೆ ಮೊದಲ ಹೂ. ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿತು. ತನ್ನಷ್ಟಕ್ಕೇ ಪರಾಗ ಮಾಡಿಕೊಳ್ಳುತ್ತದೆ, ಬ್ರಶ್ಶು ಹಿಡಿಯಬೇಕಾಗಿಲ್ಲ. ಮಾರ್ಚ್ ಕೊನೆಗೆ ಕಾಯಿ ಒಣಗಿತು, ಗಿಡವೂ. ಒಂದೇ ವರ್ಷದ ಗಿಡ, ಬೀಜ ಕೊಟ್ಟು ಹೋಗುವುದು ಅದರ ಧರ್ಮ. ಗೊತ್ತಿಲ್ಲದವರು ತಾವು ಕೊಂದೆವೆಂದು ಅಳುತ್ತಾರೆ.

ಬೇಸಿಗೆ

ಮೂರು ಟ್ರೇಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೋಗುತ್ತದೆ ಎಂದು ಫೆಬ್ರವರಿಯಲ್ಲೇ ಅಳೆದಿದ್ದೆ. ನೂರು ದಿನಕ್ಕೆ 150 ಲೀಟರ್. ಅಕ್ಟೋಬರಿನ ಗುಡುಗು ಮಳೆಯಲ್ಲೇ ಪಂಚೆ ಕಟ್ಟಿ 200 ಲೀಟರಿನ ನೀಲಿ ಡ್ರಮ್ ತುಂಬಿ, ಕತ್ತಲೆ ಕೊಟ್ಟಿಗೆಯಲ್ಲಿಟ್ಟು, ಬಾಯಿಗೆ ಬಟ್ಟೆ ಬಿಗಿದಿದ್ದೆ. ಏಪ್ರಿಲಿನಲ್ಲಿ ಅಳೆದಾಗಲೂ 9 ಪಿಪಿಎಂ. ಪ್ಲಾಸ್ಟಿಕ್ ಡ್ರಮ್ಮು ಸಿಮೆಂಟಿನ ಹಾಗೆ ಏನೂ ಬಿಡುವುದಿಲ್ಲ.

ಟ್ರೇಗಳದು ಬೇರೆ ತಾಪತ್ರಯ. ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚು ಬಿಟ್ಟು ನೋಡಿ, "ಅಕ್ಕಾ, ಇದರಲ್ಲಿ ಲಾರ್ವಾ ಇದೆಯಲ್ಲ" ಎಂದರು. ಇತ್ತು. ಸೊಳ್ಳೆ ತಿನ್ನುವ ಗಿಡದ ಬುಡದಲ್ಲೇ ಸೊಳ್ಳೆ ಸಾಕಿದ ಹಾಗಾಯಿತು. ಈಗ ನಾಲ್ಕು ದಿನಕ್ಕೊಮ್ಮೆ ಟ್ರೇ ಬರಿದು ಮಾಡಿ ಅರ್ಧ ದಿನ ಒಣಗಲು ಬಿಟ್ಟು ಮತ್ತೆ ತುಂಬುತ್ತೇನೆ. ಗಿಡಕ್ಕೂ ಅದೇ ಹಿತ, ಬೇರಿಗೆ ಗಾಳಿ ಸಿಗುತ್ತದೆ.

ಕೆಪೆನ್ಸಿಸ್ ಏಪ್ರಿಲಿನಲ್ಲಿ ಸೊರಗಿತು. ತಂಪು ರಾತ್ರಿಯ ಗಿಡ ಅದು. ಬಾವಿಕಟ್ಟೆಯ ನೆರಳಿಗೆ ಸರಿಸಿದ ಮೇಲೆ 26ರಲ್ಲಿ 11 ಉಳಿದವು. ನಮ್ಮ ಕಡೆ ಇದನ್ನು ಬೆಳೆಸಬಹುದು, ಆದರೆ ಬರ್ಮಾನಿ ಇರುವಾಗ ಇಷ್ಟು ಓಲೈಸಬೇಕೇ ಎಂಬುದು ನನ್ನ ಪ್ರಶ್ನೆ.

'ನೀಲಿ ವೀನಸ್' ಬೀಜ ಮೊಳೆತು ಸಬ್ಬಸಿಗೆಯಂಥ ಯಾವುದೋ ಸೊಪ್ಪಾಯಿತು. ನೀಲಿ ವೀನಸ್ ಎಂಬ ಗಿಡವೇ ಲೋಕದಲ್ಲಿಲ್ಲ. ನಿಜವಾದ ವೀನಸ್ ಬೀಜ ಕಪ್ಪಗೆ, ಹೊಳೆಯುತ್ತಾ, ನೀರಹನಿಯ ಆಕಾರದಲ್ಲಿರುತ್ತದೆ. ಅದು ಸಿಕ್ಕರೂ ಅಮೆರಿಕದ ಎರಡು ಕ್ಯಾರೊಲಿನಾಗಳ ಗಿಡ, ಮೂರು ತಿಂಗಳ ಚಳಿನಿದ್ದೆ ಬೇಕು. ನಮ್ಮ ಪುಷ್ಯ ಮಾಸದ ಚಳಿ ರಾತ್ರಿಗೆ ಮಾತ್ರ, ಹಗಲು ಬನಿಯನ್ನಿನಲ್ಲಿ ಓಡಾಡುತ್ತೇವೆ. ಹೂಜಿಯಂಥ ಎಲೆಯೊಳಗೆ ಹುಳ ಬೀಳಿಸಿಕೊಳ್ಳುವ ಹೂಜಿ ಗಿಡ ಯಾಕೆ ಬೆಳೆಸಲಿಲ್ಲ ಎಂದು ಕೇಳುವವರಿಗೆ: ಭಾರತದ ಒಂದೇ ಹೂಜಿ ಗಿಡ ಮೇಘಾಲಯದ್ದು, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವುದು. ಗಂಡು ಹೆಣ್ಣು ಬೇರೆ ಬೇರೆ ಗಿಡ, ಬೀಜ ಕೆಲವೇ ತಿಂಗಳಲ್ಲಿ ಸತ್ತುಹೋಗುತ್ತದೆ. ನರ್ಸರಿಯಿಂದ ಮಿಶ್ರತಳಿಯ ಗಿಡವನ್ನೇ ತರುವುದು ಸುಲಭ.

ಅಟ್ಟದ ಕೆಳಗಿನ ಕುಂಡ

2025ರಲ್ಲಿ ಮಳೆ ಮೇ ಕೊನೆಯ ವಾರಕ್ಕೇ ಬಂದುಬಿಟ್ಟಿತು. ಒಣಗಲು ಹಾಕಿದ್ದನ್ನೆಲ್ಲ ಎತ್ತುವ ಗಡಿಬಿಡಿಯಲ್ಲಿ ಅಟ್ಟದ ಕೆಳಗಿನ ಸಾಮಾನನ್ನು ಅಂಗಳಕ್ಕೆ ಎಳೆದು ಹಾಕಿದ್ದೆವು. ಹತ್ತು ದಿನ ಬಿಟ್ಟು ನೋಡಿದರೆ ಬಾಟಲಿ ಕುಂಡವೊಂದರಲ್ಲಿ ನೂಲಿನಂಥ ಹಸಿರು, ನೆಟ್ಟಗೆ. ಚೀಟಿ ಮಾಸಿತ್ತು, ಆದರೂ ಓದಲಾಯಿತು: ಇಂಡಿಕಾ, ಜೂನ್ 24.

50ಕ್ಕೆ 17. ಹತ್ತು ತಿಂಗಳು ಧೂಳು, ಅಡಿಕೆ ಅಟ್ಟದ ಕಾವು, ಒಂದು ಹನಿ ನೀರಿಲ್ಲ. ಅದೇ ಅದಕ್ಕೆ ಬೇಕಾಗಿದ್ದದ್ದು. ಬ್ಯಾಣದಲ್ಲಿಯೂ ಬಿದ್ದ ಬೀಜ ಬೇಸಿಗೆಯ ಬಂಡೆಯ ಮೇಲೆ ಸುಟ್ಟು, ಮಳೆಗೆ ಏಳುವುದು ತಾನೆ? ಫ್ರಿಜ್ಜಿನಲ್ಲಿ ತಣ್ಣಗೆ ಜೋಪಾನ ಮಾಡಿ ಬಿತ್ತಿದ ನನಗೆ ಅದು ಎದ್ದೇಳಲಿಲ್ಲ. ಕೆಲವರು ಇದಕ್ಕೆ ಬೀಜವನ್ನು ಎಬ್ಬಿಸುವ ಸಸ್ಯ ಹಾರ್ಮೋನಿನಲ್ಲಿ, ಅಂದರೆ ಜಿಬ್ಬೆರಲಿಕ್ ಆಮ್ಲದಲ್ಲಿ, ನೆನೆಸುತ್ತಾರೆ. ನನ್ನ ಬಳಿ ಅಟ್ಟವಿದೆ. ಬರ್ಮಾನಿ ಮಳೆ ಇಳಿದ ಮೇಲೆ, ಇಂಡಿಕಾ ಮಳೆಯ ಜೊತೆಗೆ. ಒಂದೇ ಬಂಡೆಯ ಎರಡು ಗಿಡಕ್ಕೆ ಎರಡು ಪಂಚಾಂಗ. ಒಂದೇ ದಿನ ಎರಡನ್ನೂ ಬಿತ್ತಿದವಳಿಗೆ ಒಂದಾದರೂ ಸಿಗಬೇಕಿತ್ತು, ಅದೂ ಸಿಗಲಿಲ್ಲ.

17ರಲ್ಲಿ 9 ಸೆಪ್ಟೆಂಬರಿಗೆ ಗೇಣುದ್ದ ಬೆಳೆದು ಗುಲಾಬಿ ಹೂ ಬಿಟ್ಟವು. ಮಗ ಎರಡು ಕುಂಡವನ್ನು ಶಾಲೆಗೆ ಒಯ್ದಿದ್ದಾನೆ.

ಈ ಅಕ್ಟೋಬರಿನಲ್ಲಿ ಬರ್ಮಾನಿಯನ್ನು ಬಿತ್ತಲು ಕಾಗದ ಹರವಿ ಕೂತಾಗ ಅತ್ತೆ ಕರೆದರು. ಅವರ ಆಂಥೂರಿಯಂ ಕುಂಡದ ಅಂಚಿನಲ್ಲಿ, ಹೋದ ವರ್ಷ ನಮ್ಮ ಟ್ರೇ ಇದ್ದ ಕಡೆಗೆ ಮುಖ ಮಾಡಿ, ಮೂರು ಕೆಂಪು ಸಸಿ. ಯಾರೂ ಬಿತ್ತಿದ್ದಲ್ಲ, ಕಾಯಿ ಒಡೆದಾಗ ಹಾರಿದ್ದು.

"ಕಿತ್ತು ನಿನ್ನ ಬಾಟ್ಲಿಗೆ ಹಾಕ್ಕೋತೀಯಾ?"

"ಇಲ್ಲ ಅತ್ತೆ, ಅಲ್ಲೇ ಇರಲಿ. ಆದ್ರೆ ಆ ಕುಂಡಕ್ಕೆ ಇನ್ನು ಸಗಣಿ ನೀರು ಹಾಕೋ ಹಾಗಿಲ್ಲ."

ಅತ್ತೆ ಸ್ವಲ್ಪ ಹೊತ್ತು ಆಂಥೂರಿಯಂ ನೋಡಿದರು, ಸ್ವಲ್ಪ ಹೊತ್ತು ಸಸಿ ನೋಡಿದರು. ಮರುದಿನ ಬೆಳಿಗ್ಗೆ ಆಂಥೂರಿಯಂ ಬೇರೆ ಕುಂಡದಲ್ಲಿತ್ತು.